ಕರಿ ಕೋಟು ತೊಟ್ಟ ಸೋದರಮಾವ

ಕೆ.ಬಿ. ಬಡಾವಣೆ

ಮೋಟರ್ ರಿವೈಂಡಿಂಗ್ ಮಾಡೋನು ವಿದೇಶಕ್ಕೆ ಹೋಗಿ ಬಂದು ಅದನ್ನ ಬರೆಯೋಕೆ ಕೂತಾನೆ ಅಂತ ನಗಬ್ಯಾಡ್ರಿ. ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ನನ್ನದೊಂದು ಅಂಗಡಿ. ಬೋರ್‌ವೆಲ್ ಮೋಟರು, ಹಿಟ್ಟಿನ ಗಿರಣಿ ಮೋಟರು, ಸ್ಟಾರ್ಟರು, ಸುಟ್ಟು ಬಂದದ್ದನ್ನೆಲ್ಲ ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತಿ ಕೊಡೋದು ನನ್ನ ಕಸುಬು. ಶಾಮನೂರಿನ ಮನೆಯಿಂದ ಬೈಕಿನಲ್ಲಿ ಅಂಗಡಿಗೆ, ಅಂಗಡಿಯಿಂದ ಮನೆಗೆ, ಇಷ್ಟೇ ನನ್ನ ಸಂಚಾರ. ಪಾಸ್‌ಪೋರ್ಟ್ ಅನ್ನೋದು ನನಗೂ ಬೇಕಾಗುತ್ತೆ ಅಂತ ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ಅಂಗಡಿಯಲ್ಲಿ ನನ್ನದೊಂದು ರೂಢಿ ಐತೆ, ಅದನ್ನ ಮೊದಲೇ ಹೇಳಿಬಿಡ್ತೀನಿ. ಮೋಟರು ಪೂರ್ತಿ ಹೋಗೈತೆ, ಇನ್ನು ರಿಪೇರಿಗೆ ಬರಲ್ಲ ಅಂತ ಗೊತ್ತಾದರೆ ‘ಆಗಲ್ಲ, ತಗೊಂಡು ಹೋಗ್ರಿ’ ಅಂತ ಕೈ ತೊಳ್ಕೊಳ್ಳಲ್ಲ. ತಂದವರನ್ನ ಸ್ಟೂಲ್ ಮೇಲೆ ಕೂರಿಸಿ, ಕರಕಲಾದ ಸುರುಳಿ ತೋರಿಸಿ, ಯಾಕೆ ಸುಟ್ಟಿತು ಅಂತ ಹೇಳಿ ಕಳಿಸ್ತೀನಿ. ಒಳಗೆ ನೀರು ಇಳಿದಿತ್ತೋ, ಒಂದು ಫೇಸ್ ತಪ್ಪಿತ್ತೋ, ಬೇರಿಂಗ್ ಹಿಡಿದಿತ್ತೋ. ಒಬ್ಬೊಬ್ಬರು ರೇಗ್ತಾರೆ, ‘ಹೋದ ಮೇಲೆ ಕಾರಣ ಕಟ್ಕೊಂಡು ನಾನೇನ್ ಮಾಡ್ಲಿ ಮಾರಾಯ?’ ಅಂತ. ಆದರೂ ಹೇಳಿಸ್ಕೊಂಡು ಹೋಗೋರ ಮುಖ ಬಂದಾಗಿನ ಹಂಗೆ ಇರಲ್ಲ, ಅದನ್ನ ನಾನು ಬಹಳ ಸಲ ನೋಡೀನಿ.

ನನಗೆ ಪ್ರಾಸ್ಟೇಟ್ ಕ್ಯಾನ್ಸರ್ ಐತೆ. ಈ ಮಾತನ್ನ ಇಷ್ಟು ನೇರ ಬರೆಯೋದು ಕಲಿತಿದ್ದೇ ಈ ಪ್ರವಾಸದಲ್ಲಿ. ನಮ್ಮ ಕಡೆ ಈ ಕಾಯಿಲೆಗೆ ಹೆಸರಿಲ್ಲ. ‘ಅದು’ ಅಂತಾರೆ. ಗಂಡಸರ ಆ ಜಾಗದ್ದು ಅಂದರಂತೂ ದನಿ ಇನ್ನೂ ತಗ್ಗಿಸ್ತಾರೆ. ಗಂಡಸಿನ ಹಾರ್ಮೋನೇ ಈ ಗಡ್ಡೆಗೆ ಮೇವು, ಅದಕ್ಕೇ ಹಾರ್ಮೋನ್ ಇಳಿಸೋ ಇಂಜೆಕ್ಷನ್ ಕೊಡ್ತಾರೆ. ಅದನ್ನ ತಗೊಂಡಾಗಿಂದ ಕೂತಲ್ಲೇ ಒಳಗಿಂದ ಝಳ ಏರಿ ಬೆವರು ಕಿತ್ತುಕೊಂಡು ಬರುತ್ತೆ. ಹೆಂಗಸರಿಗೆ ಮುಟ್ಟು ನಿಲ್ಲೋ ವಯಸ್ಸಿನಲ್ಲಿ ಆಗುತ್ತಲ್ಲ, ಥೇಟ್ ಅದೇ. ನನ್ನ ಹೆಂಡ್ತಿ ಸುಶೀಲಾ ಬೀಸಣಿಗೆ ಕೈಗೆ ಕೊಟ್ಟು, ‘ನಂದು ಮುಗೀತು ಅನ್ನೋ ಹೊತ್ತಿಗೆ ನಿಮ್ದು ಶುರುವಾತು ನೋಡ್ರಿ’ ಅಂತ ನಗ್ತಾಳೆ.

ಹೊರಡೋ ವಾರದಲ್ಲಿ ಡಾಕ್ಟರ ಫೋನ್ ಬಂತು. ಈ ಕಾಯಿಲೆಗೆ ರಕ್ತದಲ್ಲಿ ಪಿ.ಎಸ್.ಎ. ಅಂತ ಒಂದು ಅಂಕಿ ನೋಡ್ತಾರೆ. ಇಳಿದು ಸುಮ್ಮನಿದ್ದ ನನ್ನ ಅಂಕಿ ಮತ್ತೆ ಏರಿತ್ತು. ‘ಇಂಜೆಕ್ಷನ್ನಿಗೆ ಇನ್ನು ಬಗ್ಗೋ ಹಂಗೆ ಕಾಣ್ತಿಲ್ಲ. ಹೋಗಿ ಬರ್ರಿ, ಬಂದ ಮೇಲೆ ಬೇರೆ ಔಷಧಿ ನೋಡೋಣ’ ಅಂದರು. ಸುಶೀಲಾಗೆ ಹೇಳಿದೆ. ಅವಳು ಒಲೆಯ ಮೇಲಿನ ಹಾಲು ನೋಡ್ತಾ ನಿಂತಿದ್ದಳು, ಉಕ್ಕಿ ಹೋದರೂ ಆರಿಸಲಿಲ್ಲ. ಆಮೇಲೆ, ‘ಹುಡುಗಿ ಕಾರ್ಯ ಮುಗಿಯೋ ತನಕ ಬಾಯಿ ಬಿಡಬ್ಯಾಡ್ರಿ’ ಅಂದಳು. ಶುಭಕಾರ್ಯದ ಮುಂದೆ ಕೆಟ್ಟ ಸುದ್ದಿ ಎತ್ತೋದು ನಮ್ಮಲ್ಲಿ ಇಲ್ಲ. ಆಗಲಿ ಅಂದೆ.

ಹರಿಹರ

ಹುಡುಗಿ ಅಂದರೆ ರೂಪಾ, ಹರಿಹರದಲ್ಲಿರೋ ನನ್ನ ಅಕ್ಕ ಗಿರಿಜಕ್ಕನ ಮಗಳು. ನಮ್ಮ ಭಾವ ತೀರಿಕೊಂಡಾಗ ಅವಳಿನ್ನೂ ಕಾಲೇಜು. ದಿನಾ ದಾವಣಗೆರೆಗೆ ಬಂದು ಹೋಗೋಳು, ಸಂಜೆ ಹರಿಹರದ ಬಸ್ಸು ಬರೋ ತನಕ ನನ್ನ ಅಂಗಡಿಯಲ್ಲೇ ತಂತಿ ಸುರುಳಿಗಳ ನಡುವೆ ಓದ್ತಾ ಕೂರೋಳು. ಹಂಗೇ ಓದ್ತಾ ಓದ್ತಾ ನೆದರ್ಲೆಂಡ್ಸ್ ಸೇರಿ ಪಿಎಚ್.ಡಿ.ಗೆ ಕೂತಳು. ವಿಷಯ ಏನು ಗೊತ್ತಾ? ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಒಂದು ಪ್ರೋಟೀನು ತನ್ನದೇ ಕುಲದವುಗಳ ಜೊತೆ ಕೂಡಿಕೊಂಡು, ಹಾರ್ಮೋನಿನ ಮಾತು ಕೇಳೋ ಇನ್ನೊಂದು ಪ್ರೋಟೀನನ್ನ ಹೆಂಗೆ ಹದ್ದುಬಸ್ತಿನಲ್ಲಿ ಇಡುತ್ತೆ ಅನ್ನೋದು. ನನಗೆ ಕಾಯಿಲೆ ಗೊತ್ತಾಗೋಕೆ ಮುಂಚೆಯೇ ಅವಳು ಇದರ ಬೆನ್ನು ಹತ್ತಿದ್ದಳು. ಇಂಥವನ್ನೆಲ್ಲ ಜೋಡಿಸೋನು ಯಾವ ಲೆಕ್ಕದಲ್ಲಿ ಜೋಡಿಸ್ತಾನೋ.

ಆ ದೇಶದಲ್ಲಿ ಒಂದು ಪದ್ಧತಿ. ಪಿಎಚ್.ಡಿ. ಕೊಡೋ ದಿನ ತುಂಬಿದ ಸಭೆಯಲ್ಲಿ ಪ್ರೊಫೆಸರುಗಳು ಪ್ರಶ್ನೆ ಹಾಕ್ತಾರೆ. ಉತ್ತರ ಹೇಳೋರ ಆಜುಬಾಜಿಗೆ ಬೇಕಾದವರು ಇಬ್ಬರು ಕರಿ ಕೋಟು ತೊಟ್ಟು ನಿಂತಿರಬೇಕು. ಹಳೇ ಕಾಲದಲ್ಲಿ ಮದುವೆ ಹೆಣ್ಣಿನ ಜೊತೆ ಬರ್ತಿದ್ದವರ ಪದ್ಧತಿಯೇ ಹಿಂಗೆ ಉಳಕೊಂಡೈತಂತೆ. ಒಂದು ಪಕ್ಕಕ್ಕೆ ಲ್ಯಾಬಿನ ಗೆಳತಿ ಮರೈಕೆ. ಇನ್ನೊಂದು ಪಕ್ಕಕ್ಕೆ ರೂಪಾ ನನಗೆ ಫೋನ್ ಮಾಡಿದಳು. ‘ಮಾಮಾ, ಹಸೆಮಣೆಗೆ ಕರ್ಕೊಂಡು ಬರೋನು ಸೋದರಮಾವ ತಾನೆ? ನನ್ನ ಮದುವೆ ಯಾವ ಕಾಲಕ್ಕೋ ಏನೋ, ಇದಕ್ಕಾದ್ರೂ ಬಾ’ ಅಂದಳು. ಇಂಥ ಮಾತಿಗೆ ಇಲ್ಲ ಅನ್ನೋಕೆ ಬರುತ್ತಾ?

ಗಿರಿಜಕ್ಕನಿಗೆ ಮೊಣಕಾಲು ನೋವು, ಮನೆ ಮುಂದಿನ ಮೆಟ್ಟಿಲು ಇಳಿಯೋದೇ ಕಷ್ಟ. ತಾನು ಬರಲಾಗದ ಸಂಕಟವನ್ನೆಲ್ಲ ನನ್ನ ಬ್ಯಾಗಿನಲ್ಲಿ ತುಂಬಿದಳು. ಮಂಡಕ್ಕಿ, ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ, ಗುಡಿಯ ಕುಂಕುಮ. ‘ಅಪ್ಪ ಇಲ್ಲದ ಕೂಸು. ಪಕ್ಕದಾಗೆ ನೀನು ಗಟ್ಟಿ ನಿಂತ್ರೆ ಅದೂ ಗಟ್ಟಿ ನಿಲ್ತೈತೆ’ ಅಂದಳು. ಆಮೇಲೆ ನನ್ನ ಮುಖ ನೋಡಿ, ‘ಮೈ ಹೆಂಗೈತೋ?’ ಅಂತ ಕೇಳಿದಳು.

‘ಗುಂಡುಕಲ್ಲು ಇದ್ದಂಗೆ ಇದೀನಿ’ ಅಂದೆ. ಬ್ಯಾಗಿನ ಜಿಪ್ ಎಳೆಯೋ ನೆಪದಲ್ಲಿ ಮುಖ ತಗ್ಗಿಸಿದೆ.

ವಿಮಾನ

ವಿಮಾನದ ಬಗ್ಗೆ ಹೇಳೋಕೆ ಹೆಚ್ಚಿಲ್ಲ. ಎಲ್ಲರೂ ಕಂಬಳಿ ಹೊದ್ದು ನಡುಗ್ತಿದ್ದಾಗ ನನಗೆ ಝಳ ಏರಿತು. ಸ್ವೆಟರ್ ಬಿಚ್ಚಿದೆ, ಅಂಗಿಯ ಗುಂಡಿ ಬಿಚ್ಚಿದೆ, ಊಟದ ಟ್ರೇ ಮುಚ್ಚಳದಿಂದ ಗಾಳಿ ಬೀಸ್ಕೊಂಡೆ. ಪಕ್ಕದ ಸೀಟಿನ ವಯಸ್ಸಾದ ಹೆಣ್ಣುಮಗಳು ನಾನು ಕೇಳದೇನೇ ತನ್ನ ಚೀಲದಿಂದ ಜಪಾನಿ ಬೀಸಣಿಗೆ ತೆಗೆದು ಕೊಟ್ಟಳು. ಆಯಮ್ಮನಿಗೆ ಎಲ್ಲಾ ಅರ್ಥವಾಗಿತ್ತು ಅಂತ ಕಾಣುತ್ತೆ.

ಇಳಿದ ಮೇಲೆ ಪಾಸ್‌ಪೋರ್ಟ್ ನೋಡೋ ಅಧಿಕಾರಿ, ಯಾಕೆ ಬಂದಿರಿ ಅಂದ. ನನ್ನ ಇಂಗ್ಲಿಷು ಅಂಗಡಿಯ ಇಂಗ್ಲಿಷು, ಕಾಯಿಲ್, ಲೋಡ್, ಓವರ್‌ಹೀಟ್ ಇಷ್ಟರಲ್ಲೇ ಮುಗಿಯುತ್ತೆ. ಅಕ್ಕನ ಮಗಳು, ಡಾಕ್ಟರ್ ಆಗ್ತಾಳೆ, ನಾನು ಪಕ್ಕ ನಿಲ್ಲಬೇಕು, ಕರಿ ಕೋಟು, ಅಂತ ಕೈಯಲ್ಲೇ ಕೋಟು ತೊಟ್ಟು ತೋರಿಸಿದೆ. ಅವನ ಮುಖ ಅರಳಿತು. ತಾನೂ ತಂಗಿಗೆ ಹಂಗೆ ನಿಂತಿದ್ದೆ, ಮುಕ್ಕಾಲು ಗಂಟೆ ಅಲುಗಾಡೋ ಹಂಗಿಲ್ಲ, ಮುಂಚೆ ನೀರು ಕಡಿಮೆ ಕುಡೀರಿ ಅಂತ ಬುದ್ಧಿ ಹೇಳಿ ಮುದ್ರೆ ಒತ್ತಿದ. ಪ್ರಾಸ್ಟೇಟ್ ಕಾಯಿಲೆ ಹಿಡಿದು ಗಳಿಗೆಗೊಮ್ಮೆ ಬಚ್ಚಲಿಗೆ ಓಡೋನಿಗೆ ಇದಕ್ಕಿಂತ ದೊಡ್ಡ ಬೆದರಿಕೆ ಬೇಕೇನ್ರಿ?

ಹೆಂಕನ ಮನೆ

ರೂಪಾಳ ಕೋಣೆ ಬೆಂಕಿಪೊಟ್ಟಣದಷ್ಟು. ಹಂಗಾಗಿ ನನಗೆ ಮರೈಕೆಯ ಅಪ್ಪ ಹೆಂಕನ ಮನೆಯಲ್ಲಿ ಇರೋ ವ್ಯವಸ್ಥೆ. ಹೆಂಕ ನನಗಿಂತ ದೊಡ್ಡೋನು, ರಿಟೈರಾದ ಟ್ರಾಮ್ ಡ್ರೈವರು, ಒಂಟಿ. ಅಲ್ಲಿ ಮನೆಗಳ ಮೆಟ್ಟಿಲು ಅಂದರೆ ನಮ್ಮ ಅಟ್ಟದ ಏಣಿ. ಬೀದಿ ಕಡೆಯ ದೊಡ್ಡ ದೊಡ್ಡ ಕಿಟಕಿಗಳಿಗೆ ಪರದೆಯೇ ಇಲ್ಲ. ಊಟ ಮಾಡೋದು, ಇಸ್ತ್ರಿ ಹಾಕೋದು, ಗಂಡ ಹೆಂಡ್ತಿ ಮುನಿಸಿಕೊಂಡು ಕೂರೋದು, ಎಲ್ಲಾ ದಾರಿಹೋಕರಿಗೆ ಕಾಣುತ್ತೆ. ಮುಚ್ಚಿಡೋಕೆ ಏನಿದೆ ಅನ್ನೋದು ಹೆಂಕನ ವಾದ.

ಕಾಫಿ ಕೊಟ್ಟ. ಜೊತೆಗೆ ಡಬ್ಬಿ ತೆರೆದು ಒಂದೇ ಒಂದು ಬಿಸ್ಕತ್ತು ಕೊಟ್ಟು, ಡಬ್ಬಿ ಮುಚ್ಚಿ ಕಪಾಟಿನಲ್ಲಿಟ್ಟ. ನಮ್ಮಲ್ಲಿ ಹಿಂಗೆ ಮಾಡಿದ್ದರೆ ಬೀಗರು ಮುಖ ನೋಡೋದು ಬಿಡ್ತಿದ್ದರು. ನಾನು ಗಿರಿಜಕ್ಕನ ಮಂಡಕ್ಕಿಗೆ ಈರುಳ್ಳಿ, ಚಟ್ನಿಪುಡಿ, ಎಣ್ಣೆ ಹಾಕಿ ಕಲಸಿ ಅವನ ಮುಂದೆ ರಾಶಿ ಸುರಿದೆ. ಇಷ್ಟೂ ನನಗಾ ಅಂತ ಕೇಳಿದ. ಇನ್ನೂ ಐತೆ ಅಂದೆ. ಮೂಗು ಒರೆಸ್ಕೊಳ್ತಾ, ಖಾರಕ್ಕೆ ಕಣ್ಣೀರು ಸುರಿಸ್ತಾ ತಟ್ಟೆ ಖಾಲಿ ಮಾಡಿದ.

ಮಾರನೆ ದಿನ ಬ್ರೆಡ್ಡಿಗೆ ಬೆಣ್ಣೆ ಸವರಿ ಮೇಲೆ ಚಾಕಲೇಟ್ ಕಾಳು ಉದುರಿಸ್ತಾ, ಹವಾಮಾನ ಕೇಳಿದಷ್ಟೇ ಸಲೀಸಾಗಿ ಕೇಳಿದ, ‘ನಿನಗೂ ಪ್ರಾಸ್ಟೇಟ್ ಕ್ಯಾನ್ಸರ್ ಅಂತಲ್ಲ, ಮರೈಕೆ ಹೇಳಿದಳು? ನನಗೂ ಇತ್ತು. ನಿನ್ನ ಅಂಕಿ ಎಷ್ಟು?’

ಕೈಯಲ್ಲಿದ್ದ ಬ್ರೆಡ್ಡು ತಟ್ಟೆಗೆ ಇಟ್ಟೆ. ನಮ್ಮೂರಲ್ಲಿ ಸ್ವಂತ ತಮ್ಮ ಕೂಡ ಹಿಂಗೆ ಕೇಳಿಲ್ಲ. ಅವನ ಇಂಗ್ಲಿಷೂ ಕುಂಟು, ನನ್ನದೂ ಕುಂಟು. ಹಂಗಾಗಿಯೋ ಏನೋ, ಎರಡೂ ಜೊತೆಗೆ ನಡೆದವು. ಅಂಕಿ ಹೇಳಿದೆ. ಏರಿದ್ದನ್ನೂ ಹೇಳಿದೆ. ಹೇಳ್ತಾ ಹೇಳ್ತಾ ಕಣ್ಣು ತುಂಬಿತು. ಗೊತ್ತಿಲ್ಲದ ಊರಲ್ಲಿ, ಗೊತ್ತಿಲ್ಲದ ಮನುಷ್ಯನ ಅಡುಗೆಮನೆಯಲ್ಲಿ, ಎದುರಿನ ಫುಟ್‌ಪಾತಿನಲ್ಲಿ ನಾಯಿ ಹಿಡ್ಕೊಂಡು ಹೋಗೋರಿಗೆಲ್ಲ ಕಾಣೋ ಹಂಗೆ ಅತ್ತೆ.

‘ರೂಪಾಗೆ ಗೊತ್ತಾ?’ ಅಂದ. ಇಲ್ಲ, ಕಾರ್ಯ ಮುಗಿದ ಮೇಲೆ ಅಂದೆ. ‘ತಪ್ಪು. ಅವಳದ್ದು ಇದೇ ವಿಷಯ. ಈಗಲೇ ಹೇಳು.’

‘ನಮ್ಮಲ್ಲಿ ಹಂಗಿಲ್ಲ ಮಾರಾಯ.’

‘ನಿಮ್ಮಲ್ಲಿ ಬಿಸ್ಕತ್ತು ಬಹಳ, ಮಾತು ಕಡಿಮೆ’ ಅಂದ. ಕೋಪ ಬಂತು. ಇವನಿಗೇನು ಗೊತ್ತು ನಮ್ಮ ಮನೆ ಮಾತು? ಆದರೂ ಆ ಕೋಪ ಬಹಳ ಹೊತ್ತು ನಿಲ್ಲಲಿಲ್ಲ, ಹೆಂಕ ಡಬ್ಬಿ ತೆಗೆದು ಎರಡನೇ ಬಿಸ್ಕತ್ತು ಕೊಟ್ಟಿದ್ದ.

ರೂಪಾಳ ಲ್ಯಾಬು

ರೂಪಾ ನನ್ನನ್ನ ಲ್ಯಾಬಿಗೆ ಕರ್ಕೊಂಡು ಹೋದಳು. ಕತ್ತಲೆ ಕೋಣೆ, ಮೈಕ್ರೋಸ್ಕೋಪು, ಪಕ್ಕದಲ್ಲಿ ಕಂಪ್ಯೂಟರ್ ಪರದೆ. ಯಾವುದೋ ಕಾಲದಲ್ಲಿ ಯಾರೋ ರೋಗಿಯ ಗಡ್ಡೆಯಿಂದ ತೆಗೆದ ಜೀವಕೋಶಗಳು ಇವತ್ತಿಗೂ ಗಾಜಿನ ತಟ್ಟೆಯಲ್ಲಿ ಬೆಳೀತಾನೇ ಇದ್ದಾವೆ. ಆ ಪುಣ್ಯಾತ್ಮ ಇದ್ದಾನೋ ಇಲ್ಲವೋ.

‘ಕೆಂಪಗೆ ಹೊಳೆಯೋದು ಗ್ರಾಹಕ, ಅಂದ್ರೆ ರಿಸೆಪ್ಟರು ಮಾಮಾ, ಹಾರ್ಮೋನಿನ ಮಾತು ಕೇಳೋ ಪ್ರೋಟೀನು. ಹಾರ್ಮೋನ್ ಬಂದು ಮುಟ್ಟಿದ್ರೆ ಇದು ಎದ್ದು, ಬೆಳೀರಿ ಅಂತ ಕೋಶಕ್ಕೆ ಹೇಳುತ್ತೆ. ಹಸಿರು ಅದರ ಕಾವಲು.’ ಮೊದಲ ತಟ್ಟೆಯಲ್ಲಿ ಹಸಿರು ಚುಕ್ಕಿ ಚುಕ್ಕಿಯಾಗಿ ಗುಂಪುಗೂಡಿತ್ತು, ಕೆಂಪು ಮಂಕು. ಎರಡನೆಯದರಲ್ಲಿ ಹಸಿರು ಎಲ್ಲೆಲ್ಲೂ ಚದುರಿಹೋಗಿತ್ತು, ಕೆಂಪು ಕೆಂಡದ ಹಂಗೆ ಉರೀತಿತ್ತು. ಕಾವಲು ಪ್ರೋಟೀನುಗಳು ಪರಸ್ಪರ ಹಿಡ್ಕೊಳ್ಳೋ ಜಾಗವನ್ನ ರೂಪಾ ಒಂಚೂರು ಕೆಡಿಸಿ ಬಿಟ್ಟಿದ್ದಳು, ಅಷ್ಟೇ.

ನನಗೆ ಸ್ಟಾರ್ಟರ್ ನೆನಪಾಯಿತು. ಒಮ್ಮೊಮ್ಮೆ ಸ್ಟಾರ್ಟರಿನ ಪಾಯಿಂಟುಗಳು ಬಿಸಿಗೆ ಬೆಸೆದು ಅಂಟಿಕೊಳ್ತಾವೆ, ಕೆಂಪು ಗುಂಡಿ ಒತ್ತಿದರೂ ಮೋಟರು ನಿಲ್ಲಲ್ಲ. ‘ಹಂಗೇ ಹೌದಲ್ಲ? ಹಾರ್ಮೋನ್ ಬಂದ್ ಮಾಡಿದ್ರೂ ಸ್ವಿಚ್ಚು ಅಂಟ್ಕೊಂಡು ಓಡ್ತಾನೇ ಐತೆ’ ಅಂದೆ, ಬಹಳ ಜಾಣನ ಹಂಗೆ.

ರೂಪಾ ತಲೆಯಾಡಿಸಿದಳು. ‘ಕೆಲವರಲ್ಲಿ ಹಂಗೂ ಆಗುತ್ತೆ. ನಾನು ನೋಡಿದ್ದು ಬೇರೆ. ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಹಮಾಲರು ಸಾಲಾಗಿ ನಿಂತು ಮೂಟೆ ಕೈಯಿಂದ ಕೈಗೆ ದಾಟಿಸಿ ಲಾರಿಗೆ ಹಾಕ್ತಾರಲ್ಲ? ಈ ಕಾವಲಿನವೂ ಹಂಗೇ. ಹೆಚ್ಚಾದ ಗ್ರಾಹಕವನ್ನ ಹಿಡಿದು ಗುಜರಿಗೆ ಕಳಿಸೋದು ಇವುಗಳ ಕೆಲಸ. ಒಂದೊಂದೇ ಇದ್ರೆ ಕೈಲಾಗಲ್ಲ, ತಮ್ಮತಮ್ಮಲ್ಲೇ ಸಾಲುಗಟ್ಟಿದ್ರೆ ಹಿಡಿತ ಬರುತ್ತೆ. ಸಾಲು ಒಡೆದ್ರೆ ಗ್ರಾಹಕ ಗುಡ್ಡೆ ಬೀಳುತ್ತೆ. ಅಷ್ಟೊಂದು ಇದ್ದ ಮೇಲೆ ಚಿಟಿಕೆ ಹಾರ್ಮೋನು ಉಳಿದಿದ್ರೂ ಸಾಕು, ಗಡ್ಡೆ ಬೆಳೆಯುತ್ತೆ.’

ಎರಡನೇ ತಟ್ಟೆಯನ್ನೇ ನೋಡ್ತಾ ನಿಂತೆ. ನನ್ನೊಳಗೆ ನಡೀತಿರೋದು ಇದೇ ಏನು? ಕಾಯಿಲೆಗೆ ಇಷ್ಟು ಹತ್ತಿರ ಮುಖ ಕೊಟ್ಟು ನಿಂತಿದ್ದು ಅದೇ ಮೊದಲು. ಹೆದರಿಕೆಯಾಯಿತು, ಆದರೆ ಕಣ್ಣು ಕೀಳೋಕೂ ಆಗಲಿಲ್ಲ.

‘ಇಂಜೆಕ್ಷನ್ ತಗೊಂಡೋರಿಗೆಲ್ಲ ಹಿಂಗೇ ಆಗುತ್ತಾ?’ ಅಂದೆ.

‘ಒಬ್ಬೊಬ್ಬರಿಗೆ ಒಂದೊಂದು ಕಾರಣ.’ ಸಟಕ್ಕನೆ ನನ್ನ ಕಡೆ ತಿರುಗಿದಳು. ‘ಯಾಕ ಮಾಮಾ? ನಿನ್ನ ನಂಬರ್ ಸುಮ್ಮನೈತಲ್ಲ?’

‘ಸುಮ್ಮನೈತೆ’ ಅಂದೆ. ಕತ್ತಲೆ ಕೋಣೆ, ಬಚಾವಾದೆ.

ಕೋಟಿನ ಅಂಗಡಿ

ಬಾಡಿಗೆ ಕೋಟಿನ ಅಂಗಡಿಯವಳು ಅಳತೆಪಟ್ಟಿ ಸುತ್ತಿ, ‘ಹೊಟ್ಟೆ ದೊಡ್ಡದು, ಕಾಲು ಗಿಡ್ಡ’ ಅಂತ ಇಡೀ ಅಂಗಡಿಗೆ ಕೇಳೋ ಹಂಗೆ ಹೇಳಿದಳು. ಹೊಟ್ಟೆ ಇಂಜೆಕ್ಷನ್ನಿನ ಪ್ರಸಾದ, ಕಾಲು ಅಪ್ಪನ ಆಸ್ತಿ. ಹಿಂದೆ ಬಾಲ ಇಳಿಬಿದ್ದ ಕೋಟು, ಬಿಳಿ ಬೋ ಟೈ. ಫೋಟೋ ಕಳಿಸಿದರೆ ಸುಶೀಲಾ, ‘ಯಾವ ಬ್ಯಾಂಡ್ ಸೆಟ್ಟಿನೋರ್ರಿ?’ ಅಂತ ಉತ್ತರ ಕೊಟ್ಟಳು. ಕೆಳಗೆ, ‘ಹೇಳಿಲ್ಲ ತಾನೆ?’ ಅಂತಲೂ ಹಾಕಿದ್ದಳು.

ಸಭೆ

ಹಳೇ ಕಾಲದ ದೊಡ್ಡ ಹಜಾರ. ಗೆಜ್ಜೆ ಕಟ್ಟಿದ ಉದ್ದನೆ ದಂಡ ಹಿಡಿದ ಹೆಂಗಸು ಮುಂದೆ, ಹಿಂದೆ ನಿಲುವಂಗಿ ತೊಟ್ಟ ಪ್ರೊಫೆಸರುಗಳ ಸಾಲು. ಸ್ವಾಮಿಗಳು ಬಿಜಯಂಗೈದ ಹಂಗಿತ್ತು. ನಾನು ರೂಪಾಳ ಬಲಕ್ಕೆ, ಮರೈಕೆ ಎಡಕ್ಕೆ. ಗಿರಿಜಕ್ಕ ಕೊಟ್ಟ ಕುಂಕುಮ ರೂಪಾಳ ಹಣೆ ಮೇಲಿತ್ತು. ಫೋನ್ ಮುಖಾಂತರ ಹರಿಹರದಲ್ಲೂ ನೋಡ್ತಿದ್ದರು.

ಪ್ರಶ್ನೆಗಳು ಶುರುವಾದವು. ನನಗೆ ಅರ್ಥವಾಗಿದ್ದು ಅಲ್ಲೊಂದು ಇಲ್ಲೊಂದು. ನಡುವೆ ಝಳ ಏರಿತು. ಬೆವರು ಕತ್ತಿನಿಂದ ಬೆನ್ನಿಗೆ ಇಳೀತಿದ್ದರೂ ಅಕ್ಕನ ಮಾತು ನೆನೆದು ಕಂಬದ ಹಂಗೆ ನಿಂತೆ. ಆಮೇಲೆ ಬೆಳ್ಳಗಿನ ಕೂದಲಿನ ಒಬ್ಬ ಡಾಕ್ಟರಮ್ಮ ಕೇಳಿದರು. ದಿನಾ ರೋಗಿಗಳನ್ನ ನೋಡೋರಂತೆ. ಮಾತು ಬಿಡಿಸಿ ಬಿಡಿಸಿ ಆಡಿದ್ದಕ್ಕೆ ನನಗೂ ತಿಳೀತು.

‘ಇವತ್ತು ಇಂಜೆಕ್ಷನ್ನಿಗೆ ಬಗ್ಗದ ಕಾಯಿಲೆ ಹಿಡ್ಕೊಂಡು ನನ್ನ ಮುಂದೆ ಕೂರೋ ಮನುಷ್ಯನಿಗೆ ನಿಮ್ಮ ಕೆಲಸದಿಂದ ಏನು ಸಿಗುತ್ತೆ?’

‘ಔಷಧಿ ಸಿಗಲ್ಲ.  ಅದಕ್ಕೆ ಬಹಳ ವರ್ಷ ಬೇಕು, ಸಿಗದೇ ಹೋಗಲೂಬಹುದು’ ಅಂದಳು ರೂಪಾ.

ನನಗೊಂದು ಆಸೆ ಇತ್ತು ನೋಡ್ರಿ. ಯಾರ ಹತ್ತಿರವೂ ಆಡಿರಲಿಲ್ಲ, ಹೆಂಕನ ಹತ್ತಿರವೂ. ನಮ್ಮ ಹುಡುಗಿ ಕಂಡುಹಿಡಿದಾಳೆ, ನನಗೆ ಏನಾದರೂ ದಾರಿ ಆಗುತ್ತೆ ಅಂತ. ಅದು ಅಲ್ಲೇ ಕುಸಿದು ಕೂತಿತು. ಮುಂದಿದ್ದ ಮೇಜಿನ ಅಂಚು ಹಿಡ್ಕೊಂಡೆ.

ಡಾಕ್ಟರಮ್ಮ ನನ್ನ ಕಡೆ ತಿರುಗಿ, ಕೊನೆಯ ಹೇಳಿಕೆ ಓದಬೇಕು ಅಂದರು. ಅದೂ ಒಂದು ಪದ್ಧತಿ. ಪಿಎಚ್.ಡಿ. ಪುಸ್ತಕದ ಜೊತೆ ತಾನು ಸಮರ್ಥಿಸೋ ಕೆಲವು ಹೇಳಿಕೆಗಳನ್ನ ಕೊಡಬೇಕು, ಕೊನೆಯದು ವಿಜ್ಞಾನದ್ದೇ ಆಗಬೇಕಿಲ್ಲ, ಬದುಕಿನದ್ದಾದರೂ ಆದೀತು. ಓದೋದು ಪಕ್ಕ ನಿಂತವರ ಕೆಲಸ. ಮರೈಕೆ ಹಾಳೆ ಕೈಗೆ ಕೊಟ್ಟಳು. ಗಟ್ಟಿ ದನಿಯಲ್ಲಿ ಇಂಗ್ಲಿಷ್ ಪದ ಒಂದೊಂದೇ ಹಿಡಿದು ಓದಿದೆ. ‘ರಿಪೇರಿ ಆಗದಿದ್ದರೂ, ಯಾಕೆ ಕೆಟ್ಟಿತು ಅಂತ ಹೇಳಿ ಕಳಿಸಬೇಕು.’

ಓದಿ ಮುಗಿಸಿದ ಮೇಲೆ ತಲೆಗೆ ಹೋಯಿತು ಅದು ಯಾರ ಮಾತು ಅಂತ. ಬಸ್ಸಿಗೆ ಕಾಯ್ತಾ ಪುಸ್ತಕದೊಳಗೆ ಮುಖ ಇಟ್ಟಿದ್ದ ಹುಡುಗಿ ಕಿವಿಯನ್ನ ನನ್ನ ಮಾತಿನ ಕಡೆ ಬಿಟ್ಟಿದ್ದಳು. ರೂಪಾ ಸಭೆಗೆ, ‘ಇದನ್ನ ಓದಿದವರದ್ದೇ ಈ ಮಾತು. ಇವರು ಮೋಟರ್ ರಿಪೇರಿ ಮಾಡ್ತಾರೆ’ ಅಂದಳು. ಜನ ನಕ್ಕು ಚಪ್ಪಾಳೆ ತಟ್ಟಿದರು. ಡಾಕ್ಟರಮ್ಮ ನಗಲಿಲ್ಲ.

‘ಒಳ್ಳೇ ಮಾತು. ಆದರೆ ರೋಗಿ ಮೋಟರ್ ತಂದವನಲ್ಲ, ಅವನೇ ಮೋಟರು. ವಾಸಿಯಾಗದ ಮೇಲೆ ಕಾರಣ ಯಾವ ರೋಗಿಗೆ ಬೇಕು?’

‘ನನ್ನ ಪ್ರಕಾರ...’ ಅಂತ ರೂಪಾ ಬಾಯಿ ತೆಗೆದಳು. ಅಷ್ಟರಲ್ಲಿ ಬಾಗಿಲು ತೆರೆಯಿತು. ದಂಡದ ಹೆಂಗಸು ಒಳಗೆ ಬಂದು, ನೆಲಕ್ಕೆ ಕುಟ್ಟಿ, ಹೊತ್ತಾಯಿತು ಅಂತ ಲ್ಯಾಟಿನ್ನಿನಲ್ಲಿ ಕೂಗಿದಳು. ದಂಡ ಬಿದ್ದ ಮೇಲೆ ಅರ್ಧ ವಾಕ್ಯವನ್ನೂ ಮುಗಿಸೋ ಹಂಗಿಲ್ಲ. ರೂಪಾ ತೆರೆದ ಬಾಯಿ ಮುಚ್ಚಿದಳು.

ಹಿಂದಿನ ಮೆಟ್ಟಿಲು

ಪದವಿ ಕೊಟ್ಟರು. ಆಮೇಲೆ ಸಾಲುಗಟ್ಟಿ ಬಂದವರೆಲ್ಲ ರೂಪಾಗೆ ಕೈ ಕುಲುಕಿ, ಆಮೇಲೆ ನನಗೂ ಕುಲುಕಿ, ‘ನಿಮ್ಮ ಸೊಸೆಗಾಗಿ ಅಭಿನಂದನೆ’ ಅಂದರು. ಒಬ್ಬರ ಖುಷಿಗೆ ಮನೆಯವರನ್ನೆಲ್ಲ ಅಭಿನಂದಿಸೋದು ಅಲ್ಲಿನ ವಾಡಿಕೆ, ಬಹಳ ಹಿಡಿಸಿತು. ಫೋನಿನಲ್ಲಿ ಗಿರಿಜಕ್ಕ ಅಳು ನಗು ಎರಡೂ ಒಟ್ಟಿಗೆ ಮಾಡ್ತಿದ್ದಳು. ಹೆಂಕ ದೂರದಿಂದ ನನ್ನ ನೋಡಿ ಹುಬ್ಬು ಹಾರಿಸಿದ.

ಗದ್ದಲ ಕಡಿಮೆಯಾದ ಮೇಲೆ ರೂಪಾ ಹಿಂದಿನ ಮೆಟ್ಟಿಲಿಗೆ ಹೋಗಿ ಕೂತಳು. ಪಕ್ಕ ಕೂತೆ. ಚಪ್ಪಲಿ ಬಿಚ್ಚಿ ಕಾಲು ಒತ್ತಿಕೊಳ್ತಾ, ‘ಆ ಉತ್ತರ ಗಂಟಲಲ್ಲೇ ಸಿಕ್ಕೊಂಡೈತೆ ಮಾಮಾ. ಏನು ಹೇಳ್ತಿದ್ನೋ ನನಗೇ ಗೊತ್ತಿಲ್ಲ. ವಾಸಿಯಾಗದ ಮೇಲೆ ಕಾರಣ ಯಾರಿಗೆ ಬೇಕು?’ ಅಂದಳು.

‘ನನಗೆ ಬೇಕು’ ಅಂದೆ.

ನಕ್ಕಳು. ಆಮೇಲೆ ನನ್ನ ಮುಖ ನೋಡಿದಳು. ನಗು ನಿಂತಿತು.

‘ನಂದು ಮತ್ತೆ ಏರೈತೆ ರೂಪಾ. ಇಂಜೆಕ್ಷನ್ ಹಿಡೀತಿಲ್ಲ.’

‘ಯಾವಾಗಿಂದ?’

‘ಹೊರಡೋ ವಾರ ಗೊತ್ತಾತು.’

‘ಲ್ಯಾಬಿನಾಗೆ ಕೇಳಿದ್ನಲ್ಲ...’ ಅಂದಳು. ನನ್ನ ಬಾಡಿಗೆ ಕೋಟಿನ ತೋಳಿಗೆ ಹಣೆ ಒತ್ತಿ ಅತ್ತಳು. ಒಂದು ಕೈಯಲ್ಲಿ ಅವಳ ತಲೆ ಸವರ್ತಾ ಕೂತೆ. ಇದಕ್ಕೇ ಹೆದರಿ ಇಷ್ಟು ದಿನ ಬಾಯಿ ಮುಚ್ಕೊಂಡಿದ್ದು. ಆದರೆ ಅವಳು ಅಳ್ತಿದ್ದಾಗ ನನಗೆ ಹೆದರಿಕೆ ಇರಲಿಲ್ಲ. ಎಷ್ಟೋ ದಿನದ ಮೇಲೆ ಎದೆ ತುಂಬ ಉಸಿರು ತಗೊಂಡೆ.

ಕೊನೆಗೆ ಮೂಗು ಒರೆಸ್ಕೊಂಡು ನೆಟ್ಟಗೆ ಕೂತಳು. ಕರಗಿದ ಕುಂಕುಮ ನನ್ನ ತೋಳಿಗೂ ಅವಳ ಮೂಗಿಗೂ ಹತ್ತಿತ್ತು. ‘ಬೇರೆ ಔಷಧಿ ಇದಾವೆ ಮಾಮಾ, ಎಷ್ಟು ದಿನ ಹಿಡೀತಾವೋ ಹೇಳೋಕಾಗಲ್ಲ. ನಿಂದು ಯಾವ ಕಾರಣಕ್ಕೆ ಏರ್ತಿದೆ ಅಂತಾನೂ ಗಡ್ಡೆ ಪರೀಕ್ಷೆ ಮಾಡದೇ ಹೇಳೋಕಾಗಲ್ಲ. ನಾನು ನೋಡಿದ್ದೇ ಇರಬಹುದು, ಇಲ್ಲದೇ ಇರಬಹುದು.’

‘ಗೊತ್ತಿದ್ದಷ್ಟು ಹೇಳು.’

‘ಕೆಲವು ಕೇಳೋಕೆ ಚೆನ್ನಾಗಿರಲ್ಲ. ಎಲ್ಲಾ ಹೇಳ್ಲಾ?’

ಕೋಟು ಬಿಚ್ಚಿ ತೊಡೆ ಮೇಲಿಟ್ಕೊಂಡೆ. ತಣ್ಣಗೆ ಗಾಳಿ ಬರ್ತಿತ್ತು.

‘ಪೂರ್ತಿ ಹೇಳು’ ಅಂದೆ. ‘ದಂಡ ಕುಟ್ಟೋರು ಇಲ್ಲಿ ಯಾರೂ ಇಲ್ಲ.’